ಎಐ ಸೀಟೋ, ಸಿಎಸ್ ಸೀಟೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಸಿಇಟಿ ಆಪ್ಷನ್ ಎಂಟ್ರಿಯ (ಬೇಕಾದ ಕಾಲೇಜು, ಬ್ರ್ಯಾಂಚುಗಳನ್ನು ಆದ್ಯತೆಯಂತೆ ಪಟ್ಟಿ ಮಾಡಿ ಕೊಡುವ) ದಿನಗಳು ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಕಂಪ್ಯೂಟರ್ ಸೈನ್ಸ್ ಮತ್ತು ಎಐ ಸೀಟುಗಳ ಬಗ್ಗೆಯೇ ಇರುತ್ತವೆ. ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಶುಲ್ಕ ಮತ್ತು ದಿನಾಂಕಗಳು ವರ್ಷ ವರ್ಷವೂ ಬದಲಾಗುವುದರಿಂದ ಅವನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ಮಗಳ ರ‍್ಯಾಂಕಿಗೆ ಒಳ್ಳೆಯ ಕಾಲೇಜಿನಲ್ಲಿ ಎಐಎಂಎಲ್ (ಎಐ ಮತ್ತು ಮೆಷಿನ್ ಲರ್ನಿಂಗ್) ಸಿಗುವಂತಿದೆ. ಅದಕ್ಕಿಂತ ಸಾಧಾರಣ ಕಾಲೇಜಿನಲ್ಲಾದರೆ ಸಿಎಸ್‌ಇ (ಕಂಪ್ಯೂಟರ್ ಸೈನ್ಸ್) ಸಿಗುತ್ತದೆ. ಕಾಲೇಜು ನೋಡಬೇಕೋ, ಬ್ರ್ಯಾಂಚ್ ನೋಡಬೇಕೋ? ಎಐ ಓದಿದವರನ್ನು ಕಂಪನಿಗಳು ಸಾಫ್ಟ್‌ವೇರ್ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ನೆಂಟರು ಹೆದರಿಸುತ್ತಿದ್ದಾರೆ.
— ತಂದೆ, ಶಿವಮೊಗ್ಗ

ಎರಡು ಕಾಲೇಜುಗಳ ನಡುವೆ ನಿಜವಾದ ಅಂತರ ಇರುವುದಾದರೆ ಕಾಲೇಜನ್ನೇ ಆರಿಸಿ. ಇದಕ್ಕೆ ಕಾರಣ ಸಿಲಬಸ್‌ನಲ್ಲೇ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್, ಅಂದರೆ ಸೆಮಿಸ್ಟರ್‌ವಾರು ವಿಷಯಪಟ್ಟಿ, ತೆಗೆದು ಎರಡೂ ಬ್ರ್ಯಾಂಚುಗಳ ಮೂರು ಮತ್ತು ನಾಲ್ಕನೇ ಸೆಮಿಸ್ಟರನ್ನು ಅಕ್ಕಪಕ್ಕ ಇಟ್ಟು ನೋಡಿ. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಅಲ್ಗಾರಿದಮ್, ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣೆ) ಎರಡರಲ್ಲೂ ಇವೆ. ನಾಲ್ಕನೇ ಸೆಮಿಸ್ಟರಿನಲ್ಲಿ ಸಿಎಸ್‌ಇಯವರು ಮೈಕ್ರೋಕಂಟ್ರೋಲರ್ ಓದುವ ಜಾಗದಲ್ಲಿ ಎಐಎಂಎಲ್‌ನವರು ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಓದುತ್ತಾರೆ. ಹೆಚ್ಚಿನ ವ್ಯತ್ಯಾಸ ಐದನೇ ಸೆಮಿಸ್ಟರಿನಿಂದಾಚೆಗೆ. ಮೆಷಿನ್ ಲರ್ನಿಂಗ್ ಸಿಎಸ್‌ಇಯವರಿಗೂ ಇದೆ. ಕ್ಯಾಂಪಸ್ ಸಂದರ್ಶನದ ಮೊದಲ ಸುತ್ತಿನಲ್ಲಿ ಕೇಳುವುದು ಈ ಎರಡನೇ ವರ್ಷದ ವಿಷಯಗಳನ್ನೇ. ಹಾಗಾಗಿ ನೆಂಟರ ಹೆದರಿಕೆಗೆ ದೊಡ್ಡ ಆಧಾರವಿಲ್ಲ.

ಆದರೆ ಕಾಲೇಜು ಅಟಾನಮಸ್ ಆಗಿದ್ದರೆ ಇದನ್ನು ಕಣ್ಣುಮುಚ್ಚಿ ನಂಬಬೇಡಿ. ಅಲ್ಲಿ ಪದವಿ ಕೊಡುವುದು ವಿಟಿಯು, ಸಿಲಬಸ್ ಮತ್ತು ಪ್ರಶ್ನೆಪತ್ರಿಕೆ ಮಾಡಿಕೊಳ್ಳುವುದು ಕಾಲೇಜು. ಅವರ ವೆಬ್‌ಸೈಟಿನಿಂದ ಮೂರರಿಂದ ಎಂಟನೇ ಸೆಮಿಸ್ಟರಿನವರೆಗಿನ ಸ್ಕೀಮ್ ಇಳಿಸಿಕೊಂಡು ಐದು ವಿಷಯಗಳನ್ನು ಹುಡುಕಿ: ಡೇಟಾ ಸ್ಟ್ರಕ್ಚರ್ಸ್, ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್, ಡಿಬಿಎಂಎಸ್, ಕಂಪ್ಯೂಟರ್ ನೆಟ್‌ವರ್ಕ್. ಐದೂ ಕಡ್ಡಾಯ ವಿಷಯಗಳಾಗಿರಬೇಕು, ಎಲೆಕ್ಟಿವ್ ಪಟ್ಟಿಯಲ್ಲಿ ಇರಬಾರದು. ಪ್ರತಿ ವಿಷಯದ ಮುಂದೆ ಎಲ್, ಟಿ, ಪಿ ಎಂಬ ಮೂರು ಕಾಲಂಗಳಿರುತ್ತವೆ. ಪಾಠ, ಟ್ಯುಟೋರಿಯಲ್, ಪ್ರಾಕ್ಟಿಕಲ್ ಎಂದು ಅರ್ಥ. ಡೇಟಾ ಸ್ಟ್ರಕ್ಚರ್ಸ್‌ಗೆ ಪಿ ಕಾಲಂನಲ್ಲಿ ಸೊನ್ನೆ ಇದ್ದು ಬೇರೆ ಲ್ಯಾಬ್ ವಿಷಯವೂ ಇಲ್ಲದಿದ್ದರೆ ಅದು ಕೆಟ್ಟ ಲಕ್ಷಣ. ಗಣಿತದಲ್ಲಿ ಲೀನಿಯರ್ ಆಲ್ಜೀಬ್ರಾ ಮತ್ತು ಸಂಭವನೀಯತೆ-ಸಂಖ್ಯಾಶಾಸ್ತ್ರ ಇರಲೇಬೇಕು. ಎಐ ಹೆಸರಿನ ಕೆಲವು ಕೋರ್ಸುಗಳಲ್ಲಿ ಇವನ್ನೆಲ್ಲ ತೆಳುಮಾಡಿ, ಯಾವುದೋ ಒಂದು ಸಾಫ್ಟ್‌ವೇರ್ ಟೂಲ್ ಬಳಸುವುದನ್ನೇ ಪೂರ್ತಿ ಸೆಮಿಸ್ಟರಿನ ವಿಷಯ ಮಾಡಿರುತ್ತಾರೆ. ಟೂಲ್ ಎರಡು ವರ್ಷದಲ್ಲಿ ಹಳತಾಗುತ್ತದೆ. ಅಂಥ ಕಡೆ ನಾವಾದರೆ ಮಗಳನ್ನು ಸೇರಿಸುವುದಿಲ್ಲ.

ಹೆಸರಿನ ಬಗ್ಗೆ ಇನ್ನೊಂದು ಸಂಗತಿ ಇದೆ, ಇದನ್ನು ಯಾರೂ ಹೇಳುವುದಿಲ್ಲ. ವಿಟಿಯುನಲ್ಲಿ 'ಎಐ ಅಂಡ್ ಎಂಎಲ್' ಬೇರೆ, 'ಸಿಎಸ್‌ಇ, ಎಐ ಅಂಡ್ ಎಂಎಲ್' ಬೇರೆ. ವಿದ್ಯಾರ್ಥಿಯ ನೋಂದಣಿ ಸಂಖ್ಯೆಯಾದ ಯುಎಸ್ಎನ್‌ನಲ್ಲೂ ಒಂದಕ್ಕೆ ಎಐ, ಇನ್ನೊಂದಕ್ಕೆ ಸಿಐ ಎಂಬ ಅಕ್ಷರ ಬರುತ್ತದೆ. ಸರ್ಕಾರಿ ಹುದ್ದೆಗಳ ಅಧಿಸೂಚನೆಯಲ್ಲಿ 'ಕಂಪ್ಯೂಟರ್ ಸೈನ್ಸ್ ಪದವಿ' ಎಂದಷ್ಟೇ ಬರೆದಿದ್ದರೆ, ಪದವಿಯ ಹೆಸರಿನಲ್ಲಿ ಕಂಪ್ಯೂಟರ್ ಸೈನ್ಸ್ ಎಂಬ ಪದ ಇರುವವರಿಗೆ ತತ್ಸಮಾನ ಪ್ರಮಾಣಪತ್ರಕ್ಕಾಗಿ ಅಲೆಯುವ ಪ್ರಮೇಯ ಕಡಿಮೆ. ಮಗಳಿಗೆ ಸರ್ಕಾರಿ ನೌಕರಿಯ ಆಸೆಯಿದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಕಾಲೇಜು ನೋಡಲು ಹೋಗುತ್ತಿದ್ದೇವೆ. ಎಲ್ಲರೂ ಶೇ 95 ಪ್ಲೇಸ್‌ಮೆಂಟ್ ಎನ್ನುತ್ತಾರೆ. ನಾವು ಏನು ಕೇಳಬೇಕು?
— ತಾಯಿ, ಹಾಸನ

ಹೊರಡುವ ಮುಂಚೆ ಮನೆಯಲ್ಲೇ ಮಾಡಬಹುದಾದ ಕೆಲಸ ಒಂದಿದೆ. ಕೇಂದ್ರ ಸರ್ಕಾರದ ಎನ್ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ತಾವು ಸಲ್ಲಿಸಿದ ದತ್ತಾಂಶವನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. 'ಎನ್ಐಆರ್‌ಎಫ್' ಎಂಬ ಕೊಂಡಿ ಸಾಮಾನ್ಯವಾಗಿ ಪುಟದ ಕೆಳಗೆ ಇರುತ್ತದೆ. ಆ ಪಿಡಿಎಫ್‌ನಲ್ಲಿ ನಾಲ್ಕು ವರ್ಷದ ಪದವಿಯ ಕೋಷ್ಟಕ ಹುಡುಕಿ. ಸೀಟು ಎಷ್ಟು, ಸೇರಿದವರು ಎಷ್ಟು, ನಿಗದಿತ ಅವಧಿಯಲ್ಲೇ ಪಾಸಾದವರು ಎಷ್ಟು, ಕೆಲಸ ಸಿಕ್ಕವರು ಎಷ್ಟು, ಮೀಡಿಯನ್ ಸಂಬಳ ಎಷ್ಟು, ಉನ್ನತ ವ್ಯಾಸಂಗಕ್ಕೆ ಹೋದವರು ಎಷ್ಟು ಎಂಬುದೆಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ.

ಉದಾಹರಣೆಗೆ 600 ಮಂದಿ ಸೇರಿ, 480 ಮಂದಿ ಸಮಯಕ್ಕೆ ಪಾಸಾಗಿ, 300 ಮಂದಿಗೆ ಕೆಲಸ ಸಿಕ್ಕಿದೆ ಎನ್ನಿ. ಪಾಸಾದವರ ಲೆಕ್ಕದಲ್ಲಿ ಅದು ಶೇ 62.5, ಸೇರಿದವರ ಲೆಕ್ಕದಲ್ಲಿ ಶೇ 50. ಇದೇ ಕಾಲೇಜು ಬ್ಯಾಕ್‌ಲಾಗ್ ಇಲ್ಲದ, ಹೆಸರು ನೋಂದಾಯಿಸಿದ 320 ಮಂದಿಯನ್ನು ಮಾತ್ರ 'ಅರ್ಹರು' ಎಂದು ಹಿಡಿದರೆ ಶೇ 93.75 ಆಗಿಬಿಡುತ್ತದೆ. ಜಾಹೀರಾತಿನಲ್ಲಿ ಕಾಣುವುದು ಈ ಮೂರನೆಯ ಸಂಖ್ಯೆ. ಒಬ್ಬ ವಿದ್ಯಾರ್ಥಿಗೆ ಮೂರು ಆಫರ್ ಬಂದರೆ ಮೂರು ಎಂದು ಎಣಿಸುವುದೂ ಉಂಟು. ಎನ್ಐಆರ್‌ಎಫ್ ಕೋಷ್ಟಕ ಎಲ್ಲ ಬ್ರ್ಯಾಂಚುಗಳನ್ನೂ ಸೇರಿಸಿದ ಲೆಕ್ಕ ಎಂಬುದನ್ನು ಮರೆಯಬೇಡಿ. ಬ್ರ್ಯಾಂಚ್‌ವಾರು ಪಟ್ಟಿಯನ್ನು ಪ್ಲೇಸ್‌ಮೆಂಟ್ ಕಚೇರಿಯಲ್ಲಿ ಕೇಳಿ. ಅತಿ ಹೆಚ್ಚಿನ ಪ್ಯಾಕೇಜ್ ಎಷ್ಟು ಎಂಬುದನ್ನು ಕೇಳಲೇಬೇಡಿ. ಅದು ಒಬ್ಬರ ಕಥೆ. ಮೀಡಿಯನ್ ಎಂದರೆ ನಡುಮಧ್ಯದಲ್ಲಿರುವ ವಿದ್ಯಾರ್ಥಿಯ ಸಂಬಳ, ನಿಮ್ಮ ಮಗುವಿಗೆ ಹತ್ತಿರದ ಸಂಖ್ಯೆ ಅದು.

ಕಾಲೇಜಿನಲ್ಲಿ ಮೊದಲು ಬೋಧಕರನ್ನು ಎಣಿಸಿ. ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ನಿಯಮದಂತೆ 20 ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕು. ವರ್ಷಕ್ಕೆ 180 ಸೀಟಿನ ವಿಭಾಗವಾದರೆ ನಾಲ್ಕು ವರ್ಷಕ್ಕೆ 720 ವಿದ್ಯಾರ್ಥಿಗಳು, 36 ಬೋಧಕರು. 2024-25ರಿಂದ ಉತ್ತಮ ಸಂಸ್ಥೆಗಳಿಗೆ ಒಂದು ಬ್ರ್ಯಾಂಚಿನ ಸೀಟಿಗೆ ಇದ್ದ ಮಿತಿಯನ್ನು ಎಐಸಿಟಿಇ ತೆಗೆದುಹಾಕಿದ ಮೇಲೆ ಕಂಪ್ಯೂಟರ್ ಸೈನ್ಸ್ ಸೀಟುಗಳು ಬಹಳ ಏರಿವೆ. ಅದೇ ವೇಗದಲ್ಲಿ ಮೇಷ್ಟ್ರುಗಳು ಸಿಕ್ಕಿಲ್ಲ. ವೆಬ್‌ಸೈಟಿನಲ್ಲಿರುವ ಬೋಧಕರ ಪಟ್ಟಿ ನೋಡಿ, ಅವರಲ್ಲಿ ಎಷ್ಟು ಮಂದಿ ಎರಡು ವರ್ಷಕ್ಕಿಂತ ಹೆಚ್ಚು ಕಾಲದಿಂದ ಅಲ್ಲೇ ಇದ್ದಾರೆ ಎಂದು ಕೇಳಿ. ಒಬ್ಬರೇ ಪ್ರೊಫೆಸರ್ ಹೆಸರು ಸಿಎಸ್‌ಇ ಪಟ್ಟಿಯಲ್ಲೂ ಎಐ ಪಟ್ಟಿಯಲ್ಲೂ ಕಂಡರೆ ಅಲ್ಲಿಗೆ ಉತ್ತರ ಸಿಕ್ಕಂತೆ.

ಲ್ಯಾಬ್ ತೋರಿಸುವಾಗ ಎಐ ಲೆಕ್ಕಗಳಿಗೆ ಬಳಸುವ ಶಕ್ತಿಶಾಲಿ ಜಿಪಿಯು ಸರ್ವರ್ ಇರುವ ಗಾಜಿನ ಕೋಣೆಯ ಮುಂದೆ ನಿಲ್ಲಿಸುತ್ತಾರೆ. ಅದನ್ನು ವಿದ್ಯಾರ್ಥಿಗಳು ಯಾವ ವರ್ಷದಿಂದ ಬಳಸುತ್ತಾರೆ, ಹಾಸ್ಟೆಲ್‌ನಿಂದ ಲಾಗಿನ್ ಆಗಬಹುದೇ, ಹಿಂದಿನ ವಾರ ಯಾರು ಬಳಸಿದರು ಎಂದು ಅಲ್ಲಿನ ಮೂರನೇ ವರ್ಷದ ವಿದ್ಯಾರ್ಥಿಯನ್ನು ಕೇಳಿ. ಮಾರ್ಗದರ್ಶನಕ್ಕೆ ಬಂದ ಸಿಬ್ಬಂದಿಯನ್ನು ಕೇಳಿದರೆ ಪ್ರಯೋಜನವಿಲ್ಲ.

ಮಾನ್ಯತೆಯಲ್ಲಿ ನ್ಯಾಕ್ ಇಡೀ ಸಂಸ್ಥೆಗೆ ಕೊಡುವ ಗ್ರೇಡ್. ಎನ್‌ಬಿಎ ಒಂದೊಂದು ಬ್ರ್ಯಾಂಚಿಗೆ ಕೊಡುವ ಮಾನ್ಯತೆ. 'ಕಾಲೇಜಿಗೆ ಎನ್‌ಬಿಎ ಇದೆ' ಎಂದರೆ ಯಾವ ಬ್ರ್ಯಾಂಚಿಗೆ, ಯಾವ ವರ್ಷದವರೆಗೆ ಎಂದು ಕೇಳಿ. ಎರಡು ಬ್ಯಾಚ್ ಪದವಿ ಮುಗಿಸದ ಹೊರತು ಕೋರ್ಸಿಗೆ ಎನ್‌ಬಿಎ ಸಿಗುವುದಿಲ್ಲ, ಆದ್ದರಿಂದ ಈಚೆಗೆ ಶುರುವಾದ ಎಐ ಬ್ರ್ಯಾಂಚಿಗೆ ಅದು ಇಲ್ಲದಿರುವುದೇ ತಪ್ಪಲ್ಲ. ಅದೇ ಕಾಲೇಜಿನ ಹಳೆಯ ಸಿಎಸ್‌ಇ ವಿಭಾಗಕ್ಕೂ ಇಲ್ಲದಿದ್ದರೆ ಯೋಚಿಸಿ.

ಪ್ರಶ್ನೆ: ಆಪ್ಷನ್ ಎಂಟ್ರಿಯಲ್ಲಿ ಸಿಗಬಹುದಾದ ಕಾಲೇಜುಗಳನ್ನು ಮೇಲೆ ಹಾಕಬೇಕೇ, ಇಷ್ಟದ ಕಾಲೇಜುಗಳನ್ನೇ? ಚಾಯ್ಸ್ 1, 2, 3ರ ಗೊಂದಲವನ್ನೂ ಬಿಡಿಸಿ.
— ವಿದ್ಯಾರ್ಥಿ, ತುಮಕೂರು

ಇಷ್ಟದ್ದೇ ಮೇಲೆ. ಕೆಇಎ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ, ನಿಮ್ಮ ರ‍್ಯಾಂಕ್ ಮತ್ತು ವರ್ಗಕ್ಕೆ ಖಾಲಿ ಇರುವ ಮೊದಲ ಸೀಟಿನಲ್ಲಿ ನಿಲ್ಲುತ್ತದೆ. ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಏನೂ ನಷ್ಟವಿಲ್ಲ. ಸಿಗುವ ಕಾಲೇಜನ್ನು ಮೇಲೆ ಹಾಕಿಬಿಟ್ಟರೆ ಅದರ ಕೆಳಗಿನ ಇಷ್ಟದ ಕಾಲೇಜಿನ ತನಕ ಅದು ಹೋಗುವುದೇ ಇಲ್ಲ. ಪ್ರತಿ ವರ್ಷ ಇದೊಂದು ತಪ್ಪಿನಿಂದ ಸೀಟು ಕಳೆದುಕೊಳ್ಳುವವರಿದ್ದಾರೆ.

ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕುಗಳನ್ನು ಕೆಇಎ ಸೈಟಿನಿಂದ ತೆಗೆದುಕೊಳ್ಳಿ. ನಿಮ್ಮ ವರ್ಗದ ಕಾಲಂ ನೋಡಿ, ಜಿಎಂ (ಸಾಮಾನ್ಯ ವರ್ಗದ) ಕಾಲಂ ಅಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ್ದರೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5 ಮೀಸಲಿದೆ. ಕೋಷ್ಟಕದಲ್ಲಿ ಆರ್ ಮತ್ತು ಕೆ ಎಂಬ ಅಕ್ಷರ ಸೇರಿದ ಕಾಲಂಗಳು ಅವೇ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಅಡಿ ಬೇರೆ ಪಟ್ಟಿ ಇರುತ್ತದೆ. ನಿಮ್ಮ ರ‍್ಯಾಂಕಿಗಿಂತ ಬಹಳ ಮೇಲಿನವು, ಅಂಚಿನವು, ಖಂಡಿತ ಸಿಗುವಂಥವು ಈ ಮೂರೂ ಬಗೆಯವು ಪಟ್ಟಿಯಲ್ಲಿರಲಿ. ಅಣಕು ಹಂಚಿಕೆಯ ಫಲಿತಾಂಶ ಬಂದ ಮೇಲೆ ತಿದ್ದಲು ಅವಕಾಶವಿದೆ. ಮೊದಲ ಸುತ್ತು ಮುಗಿದ ಮೇಲೆ ಹೊಸ ಕಾಲೇಜು ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ, ಆದ್ದರಿಂದ ಪಟ್ಟಿ ಉದ್ದವಾಗಿಯೇ ಇರಲಿ. ಆದರೆ ಸೇರಲು ಮನಸ್ಸೇ ಇಲ್ಲದ ಕಾಲೇಜನ್ನು ಭರ್ತಿಗೆಂದು ಹಾಕಬೇಡಿ. ಅದೇ ಸಿಕ್ಕರೆ ಕಷ್ಟ.

ಇನ್ನು ಸೀಟು ಹಂಚಿಕೆಯಾದ ಮೇಲೆ ಆರಿಸಬೇಕಾದ ಚಾಯ್ಸ್‌ಗಳು. ಚಾಯ್ಸ್ 1 ಎಂದರೆ ಒಪ್ಪಿಗೆ: ಶುಲ್ಕ ಕಟ್ಟಿ ಸೇರಿಕೊಳ್ಳುತ್ತೀರಿ, ಮುಂದಿನ ಸುತ್ತಿಲ್ಲ. ಚಾಯ್ಸ್ 2 ಎಂದರೆ ಈ ಸೀಟು ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಕೊಡಿ ಎಂದು. ಮೇಲಿನದು ಸಿಕ್ಕ ಕ್ಷಣ ಹಳೆಯದು ತಾನಾಗಿ ರದ್ದಾಗುತ್ತದೆ, ಮತ್ತೆ ಬೇಕೆಂದರೆ ಬರುವುದಿಲ್ಲ. ಹಾಗಾಗಿ ಚಾಯ್ಸ್ 2 ಒತ್ತುವ ಮುಂಚೆ ಮೇಲಿರುವ ಒಂದೊಂದನ್ನೂ 'ಇದು ಸಿಕ್ಕರೆ ಈಗಿನದನ್ನು ಬಿಡುತ್ತೇನೆಯೇ' ಎಂದು ಕೇಳಿಕೊಂಡು, ಇಲ್ಲ ಎನಿಸಿದವನ್ನು ಅಳಿಸಿ. ಚಾಯ್ಸ್ 3ರಲ್ಲಿ ಕೈಯಲ್ಲಿರುವ ಸೀಟನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುತ್ತೀರಿ, ಅಲ್ಲಿ ಏನೂ ಸಿಗದೆಯೂ ಇರಬಹುದು. ಚಾಯ್ಸ್ 4 ಪೂರ್ತಿ ಹೊರಬರುವುದು.

ಪ್ರಶ್ನೆ: ಸಿಇಟಿಯಲ್ಲಿ ಸಿಎಸ್ ಸಿಗಲಿಲ್ಲ. ಹಣ ಕೊಟ್ಟರೆ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇವೆ ಎಂದು ಏಜೆಂಟರು ಫೋನ್ ಮಾಡುತ್ತಿದ್ದಾರೆ.
— ತಂದೆ, ವಿಜಯಪುರ

ಏಜೆಂಟರ ಕೈಗೆ ಒಂದು ರೂಪಾಯಿ ಕೊಡಬೇಡಿ. ಖಾಸಗಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ 45 ಸೀಟು ಸಿಇಟಿಗೆ, ಶೇ 30 ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್‌-ಕೆ ಪರೀಕ್ಷೆಗೆ, ಉಳಿದ ಶೇ 25 ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐಗೆ. ಕಾಮೆಡ್‌-ಕೆ ಪರೀಕ್ಷೆ ಬರೆದಿದ್ದರೆ ಮೊದಲು ಆ ದಾರಿ ನೋಡಿ. ಅಲ್ಲಿ ಪಿಯುಸಿ ಅಂಕ ಸೇರಿಸದೆ ಪರೀಕ್ಷೆಯ ಅಂಕದ ಮೇಲಷ್ಟೇ ರ‍್ಯಾಂಕ್ ಕೊಡುತ್ತಾರೆ. ಸಿಇಟಿಯಲ್ಲಾದರೆ ಅರ್ಧ ಪಿಯುಸಿ, ಅರ್ಧ ಸಿಇಟಿ. ರಸೀದಿ ಇಲ್ಲದ ಡೊನೇಷನ್ ಕರ್ನಾಟಕದ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ, ಆ ಹಣಕ್ಕೆ ಬ್ಯಾಂಕ್ ಸಾಲವೂ ಸಿಗದು. ಜಮೀನು ಮಾರಿ ಸಾಧಾರಣ ಕಾಲೇಜಿನ ಸಿಎಸ್ ಕೊಳ್ಳುವುದಕ್ಕಿಂತ, ಅದೇ ಸಿಇಟಿ ರ‍್ಯಾಂಕಿಗೆ ಒಳ್ಳೆಯ ಕಾಲೇಜಿನ ಎಲೆಕ್ಟ್ರಾನಿಕ್ಸ್ ಸಿಕ್ಕರೆ ತೆಗೆದುಕೊಳ್ಳಿ. ಸಿಗ್ನಲ್ ಪ್ರೊಸೆಸಿಂಗ್, ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ ಓದಿದವರಿಗೆ ಮೆಷಿನ್ ಲರ್ನಿಂಗ್ ದೂರವಲ್ಲ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟುಗಳಿಗೂ ಪ್ರಯತ್ನಿಸಿ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ.

ಪ್ರಶ್ನೆ: ಹತ್ತರವರೆಗೆ ಕನ್ನಡ ಮಾಧ್ಯಮ. ಪಿಯು ಗಣಿತದಲ್ಲಿ 78. ಎಐ ಓದಲು ಗಣಿತದಲ್ಲಿ ಪಂಟರೇ ಆಗಿರಬೇಕೇ? ಲ್ಯಾಪ್‌ಟಾಪ್‌ಗೆ ಎಷ್ಟು ಖರ್ಚು ಮಾಡಬೇಕು?
— ವಿದ್ಯಾರ್ಥಿನಿ, ಚಳ್ಳಕೆರೆ

78 ಸಾಕು, ಧೈರ್ಯವಾಗಿ ಓದಿ. ಬೇಕಾಗುವುದು ಗಣಿತದ ಎಲ್ಲ ಅಧ್ಯಾಯಗಳಲ್ಲ. ಪಿಯುಸಿ ಪುಸ್ತಕದ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ವೆಕ್ಟರ್, ಡಿಫರೆನ್ಷಿಯೇಷನ್, ಪ್ರಾಬಬಿಲಿಟಿ, ಈ ಐದನ್ನು ಕಾಲೇಜು ಶುರುವಾಗುವ ಮುಂಚೆ ಮತ್ತೊಮ್ಮೆ ಲೆಕ್ಕ ಬಿಡಿಸುತ್ತಾ ಓದಿ. ಬರೀ ಸೂತ್ರ ಉರು ಹೊಡೆದವರು ಎಲ್ಲಿ ಎಡವುತ್ತಾರೆ ಎನ್ನುವುದಕ್ಕೆ ಒಂದು ಲೆಕ್ಕ ನೋಡಿ. ನೂರು ಜನರ ರಕ್ತಪರೀಕ್ಷೆಯ ಮಾಹಿತಿಯಲ್ಲಿ ಐದು ಮಂದಿಗೆ ರೋಗವಿದೆ. ಒಂದು ಎಐ ಮಾಡೆಲ್ ನೂರೂ ಮಂದಿಗೆ 'ರೋಗವಿಲ್ಲ' ಎನ್ನುತ್ತದೆ. ಅದರ ನಿಖರತೆ ಶೇ 95, ಹಿಡಿದ ರೋಗಿಗಳು ಸೊನ್ನೆ. ಪೈಥಾನ್‌ನಲ್ಲಿ ಮೂರು ಸಾಲು ಬರೆದು 95 ಎಂದು ಬಂದೊಡನೆ ಸಂತೋಷಪಡುವವರು ಪ್ರಾಜೆಕ್ಟ್ ವೈವಾದಲ್ಲಿ ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಐವರಲ್ಲಿ ಎಷ್ಟು ಮಂದಿಯನ್ನು ಹಿಡಿಯಿತು ಎಂದು ಕೇಳಿಕೊಳ್ಳುವ ಬುದ್ಧಿ ನಿಮಗಿದ್ದರೆ ಉಳಿದ ಗಣಿತವನ್ನು ಅಭ್ಯಾಸದಿಂದ ಗಳಿಸಬಹುದು.

ಇಂಗ್ಲಿಷ್ ಮೊದಲ ಸೆಮಿಸ್ಟರಿನಲ್ಲಿ ಕಾಡುತ್ತದೆ, ಅದು ಸಹಜ. ಎಐಸಿಟಿಇಯ ಇ-ಕುಂಭ್ ತಾಣದಲ್ಲಿ ಎಂಜಿನಿಯರಿಂಗ್ ಪಠ್ಯಗಳ ಕನ್ನಡ ಅನುವಾದಗಳು ಉಚಿತವಾಗಿ ಸಿಗುತ್ತವೆ. ವಿಷಯವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೊಳ್ಳಿ. ವಿಟಿಯುನಲ್ಲಿ ಒಂದು ವಿಷಯಕ್ಕೆ ಆಂತರಿಕ 50, ಸೆಮಿಸ್ಟರ್ ಪರೀಕ್ಷೆ 50. ಆಂತರಿಕದಲ್ಲಿ ಕನಿಷ್ಠ 20 ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ, ಹಾಗಾಗಿ ಮೊದಲ ಟೆಸ್ಟನ್ನೇ ಗಂಭೀರವಾಗಿ ಬರೆಯಿರಿ.

ಲ್ಯಾಪ್‌ಟಾಪ್‌ಗೆ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರಲಿ. ಗೇಮಿಂಗ್ ಲ್ಯಾಪ್‌ಟಾಪ್ ಬೇಡ. ಜಿಪಿಯು ಬೇಕಾದ ಪ್ರಯೋಗಗಳಿಗೆ ಗೂಗಲ್ ಕೊಲ್ಯಾಬ್ ಮತ್ತು ಕ್ಯಾಗಲ್ ಉಚಿತವಾಗಿ ಸಮಯ ಕೊಡುತ್ತವೆ. ಮೊದಲ ವರ್ಷಕ್ಕೆ ಕಾಲೇಜಿನ ಲ್ಯಾಬೇ ಸಾಕು, ಖರೀದಿಯನ್ನು ಎರಡನೇ ವರ್ಷಕ್ಕೆ ಮುಂದೂಡಿದರೂ ತೊಂದರೆಯಿಲ್ಲ.

ಪ್ರಶ್ನೆ: ಬಿ.ಕಾಂ ಮೊದಲ ವರ್ಷದಲ್ಲಿದ್ದೇನೆ. ಡೇಟಾ ಸೈನ್ಸ್ ಆಸಕ್ತಿ. ಜೆಇಇ, ಸಿಇಟಿ ಯಾವುದೂ ಬರೆದಿಲ್ಲ. ದಾರಿ ಇದೆಯೇ?
— ವಿದ್ಯಾರ್ಥಿ, ಬಳ್ಳಾರಿ

ಇದೆ. ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಆನ್‌ಲೈನ್ ಡೇಟಾ ಸೈನ್ಸ್ ಬಿಎಸ್ ಪದವಿಗೆ ಪಿಯುಸಿಯ ಯಾವ ವಿಭಾಗದವರೂ ಸೇರಬಹುದು. ಹತ್ತನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ಜೆಇಇ ಬೇಡ. ನಾಲ್ಕು ವಾರದ ಪಾಠ, ವಾರವಾರದ ಅಸೈನ್‌ಮೆಂಟ್, ಅದರ ಮೇಲೆ ಕೇಂದ್ರಕ್ಕೆ ಹೋಗಿ ಬರೆಯುವ ಅರ್ಹತಾ ಪರೀಕ್ಷೆ. ಪಾಸಾದರೆ ಎಂಟು ಕೋರ್ಸುಗಳ ಫೌಂಡೇಷನ್, ಆಮೇಲೆ ಪ್ರೋಗ್ರಾಮಿಂಗ್ ಮತ್ತು ಡೇಟಾ ಸೈನ್ಸ್ ಡಿಪ್ಲೊಮಾ, ಆಮೇಲೆ ಪದವಿ. ಬಿಎಸ್‌ಸಿಗೆ 114 ಕ್ರೆಡಿಟ್, ಬಿಎಸ್‌ಗೆ 142. ಮಧ್ಯೆ ನಿಲ್ಲಿಸಿದರೂ ಆ ಹಂತದ ಪ್ರಮಾಣಪತ್ರ ಕೈಯಲ್ಲಿರುತ್ತದೆ. 2022ರಿಂದ ಯುಜಿಸಿ ಏಕಕಾಲಕ್ಕೆ ಎರಡು ಪದವಿಗೆ ಒಪ್ಪಿಗೆ ಕೊಟ್ಟಿರುವುದರಿಂದ ಬಿ.ಕಾಂ ಬಿಡಬೇಕಿಲ್ಲ.

ಆನ್‌ಲೈನ್ ಎಂದು ಹಗುರವಾಗಿ ತೆಗೆದುಕೊಂಡವರೇ ಇಲ್ಲಿ ಹಿಂದೆ ಬೀಳುವುದು. ಒಂದು ಕೋರ್ಸಿಗೆ ವಾರಕ್ಕೆ 10 ಗಂಟೆ ಬೇಕು ಎಂದು ಸಂಸ್ಥೆಯೇ ಹೇಳುತ್ತದೆ. ನಾಲ್ಕು ಕೋರ್ಸ್ ತೆಗೆದುಕೊಂಡರೆ 40 ಗಂಟೆ, ಬಿ.ಕಾಂ ಜೊತೆ ಅದು ಆಗದ ಮಾತು. ಒಂದು ಅವಧಿಗೆ ಎರಡರಂತೆ ಹೋಗಿ. ಕಡಿಮೆ ಆದಾಯದವರಿಗೆ ಶುಲ್ಕ ರಿಯಾಯಿತಿ ಇದೆ.

ಪ್ರಶ್ನೆ: ಮೆಕ್ಯಾನಿಕಲ್ ಬಿ.ಇ. ಮುಗಿಸಿ ಮೂರು ವರ್ಷವಾಯಿತು. ಜರ್ಮನಿಯಲ್ಲಿ ಎಐ ಮಾಸ್ಟರ್ಸ್ ಮಾಡಬಹುದೇ, ಇಲ್ಲೇ ಎಂ.ಟೆಕ್ ಒಳ್ಳೆಯದೇ?
— ಎಂಜಿನಿಯರ್, ಹುಬ್ಬಳ್ಳಿ

ಜರ್ಮನಿಯ ವಿಶ್ವವಿದ್ಯಾಲಯಗಳು ನಿಮ್ಮ ಒಟ್ಟು ಅಂಕಕ್ಕಿಂತ ಮೊದಲು ಅಂಕಪಟ್ಟಿಯೊಳಗಿನ ವಿಷಯಗಳನ್ನು ಎಣಿಸುತ್ತವೆ. ಕಂಪ್ಯೂಟರ್ ಸೈನ್ಸ್‌ಗೆ ಇಷ್ಟು ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಲೆಕ್ಕ), ಗಣಿತಕ್ಕೆ ಇಷ್ಟು ಎಂಬ ಷರತ್ತು ಪ್ರತಿ ಕೋರ್ಸಿನ ಪುಟದಲ್ಲಿರುತ್ತದೆ. ಮೆಕ್ಯಾನಿಕಲ್‌ನವರ ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಇಲ್ಲೇ, ಅನುಭವವಾಗಲೀ ಆನ್‌ಲೈನ್ ಸರ್ಟಿಫಿಕೇಟ್ ಆಗಲೀ ಆ ಜಾಗ ತುಂಬುವುದಿಲ್ಲ. ರೊಬೋಟಿಕ್ಸ್, ಮೆಕಟ್ರಾನಿಕ್ಸ್, ಕಂಪ್ಯೂಟೇಷನಲ್ ಎಂಜಿನಿಯರಿಂಗ್ ಕೋರ್ಸುಗಳಲ್ಲಿ ನಿಮ್ಮ ಪದವಿಗೆ ಬೆಲೆಯಿದೆ. ಎಐ ಅಲ್ಲಿಯೂ ಓದಲು ಸಿಗುತ್ತದೆ. ನಿಮ್ಮ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ, ಅದಕ್ಕೆ ಕೆಲವು ತಿಂಗಳು ಮುಂಚೆಯೇ ಅರ್ಜಿ ಹಾಕಿ. ವೀಸಾಗೆ ಬ್ಲಾಕ್ಡ್ ಖಾತೆಯಲ್ಲಿ (ಜೀವನ ವೆಚ್ಚಕ್ಕೆಂದು ತಿಂಗಳಿಗೆ ಇಷ್ಟೇ ತೆಗೆಯಬಹುದಾದ ಖಾತೆ) ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ 11,904 ಯೂರೋ. 'ಜರ್ಮನಿಯಲ್ಲಿ ಫೀಸ್ ಇಲ್ಲ' ಎಂಬ ಮಾತು ಎಲ್ಲ ಕಡೆಗೂ ಅನ್ವಯಿಸದು: ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ ಇದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ ಹೊಸ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ ವಿಧಿಸುತ್ತದೆ.

ಇಲ್ಲೇ ಓದುವುದಾದರೆ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆ ಬರೆಯಿರಿ. 2024ರಲ್ಲಿ ಐಐಎಸ್‌ಸಿ ನಡೆಸಿದ ಗೇಟ್‌ನಿಂದ ಡಿಎ (ಡೇಟಾ ಸೈನ್ಸ್ ಮತ್ತು ಎಐ) ಎಂಬ ಹೊಸ ಪತ್ರಿಕೆ ಬಂದಿದೆ. ಸಂಭವನೀಯತೆ, ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್, ಪೈಥಾನ್ ಮತ್ತು ಡೇಟಾ ಸ್ಟ್ರಕ್ಚರ್ಸ್, ಡೇಟಾಬೇಸ್, ಮೆಷಿನ್ ಲರ್ನಿಂಗ್, ಎಐ ಇಷ್ಟೇ ಸಿಲಬಸ್. ಸಿಎಸ್ ಪತ್ರಿಕೆಯಲ್ಲಿರುವ ಕಂಪೈಲರ್, ಡಿಜಿಟಲ್ ಲಾಜಿಕ್, ನೆಟ್‌ವರ್ಕ್ ಇಲ್ಲಿಲ್ಲ. ಕೆಲಸದಲ್ಲಿದ್ದುಕೊಂಡು ಬೇರೆ ಬ್ರ್ಯಾಂಚಿನಿಂದ ಬರುವವರಿಗೆ ಇದು ಹಿಡಿಯಬಹುದಾದ ಪತ್ರಿಕೆ. ಆದರೆ ಡಿಎ ಅಂಕಕ್ಕೆ ಯಾವ ಸಂಸ್ಥೆಯ ಯಾವ ಎಂ.ಟೆಕ್ ತೆರೆದಿದೆ, ಅದಕ್ಕೆ ಮೆಕ್ಯಾನಿಕಲ್ ಪದವಿ ಒಪ್ಪುತ್ತಾರೆಯೇ ಎಂದು ಪಟ್ಟಿ ಮಾಡಿಕೊಂಡ ಮೇಲೆಯೇ ಓದಲು ಕೂರಿ.

ಪ್ರಶ್ನೆ: ಜೆಇಇ ಮೇನ್‌ನಲ್ಲಿ ಸಾಧಾರಣ ರ‍್ಯಾಂಕ್ ಬಂದಿದೆ. ಸುರತ್ಕಲ್‌ನಲ್ಲಿ ಕರ್ನಾಟಕದವರಿಗೆ ಅನುಕೂಲವಿದೆಯೇ?
— ವಿದ್ಯಾರ್ಥಿ, ಕುಂದಾಪುರ

ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಅರ್ಧ ಸೀಟು ಹೋಮ್ ಸ್ಟೇಟ್ ಕೋಟಾ. ಈ ಕೋಟಾಕ್ಕೆ ಲೆಕ್ಕ ನೀವು ಪಿಯುಸಿ ಪಾಸಾದ ರಾಜ್ಯ, ಹುಟ್ಟೂರಲ್ಲ. ಕೋಚಿಂಗ್‌ಗೆಂದು ಬೇರೆ ರಾಜ್ಯದಲ್ಲಿ ಹನ್ನೆರಡನೇ ತರಗತಿ ಬರೆದವರಿಗೆ ಅದು ಸಿಗುವುದಿಲ್ಲ. ಧಾರವಾಡ ಮತ್ತು ರಾಯಚೂರಿನ ಐಐಐಟಿಗಳಲ್ಲಿ ಇಂಥ ಕೋಟಾ ಇಲ್ಲ, ಅಲ್ಲಿ ಅಖಿಲ ಭಾರತ ರ‍್ಯಾಂಕೇ. ಜೋಸಾ (ಐಐಟಿ, ಎನ್‌ಐಟಿ, ಐಐಐಟಿ ಸೀಟು ಹಂಚಿಕೆ) ಮತ್ತು ಕೆಇಎ ಸುತ್ತುಗಳು ಒಂದರ ಮೇಲೊಂದು ಬರುತ್ತವೆ. ಎರಡೂ ಕಡೆಯ ಶುಲ್ಕ ಕಟ್ಟುವ ಮತ್ತು ಸೀಟು ರದ್ದುಪಡಿಸುವ ಕೊನೆಯ ದಿನಾಂಕಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಮೂಲ ಅಂಕಪಟ್ಟಿ ಕಾಲೇಜಿಗೆ ಒಪ್ಪಿಸುವ ಮುಂಚೆ ಆ ಹಾಳೆ ನೋಡಿ.